ಅರ್ಧ ಮುಖದ ಮೇಕಪ್

ಸಿಟಿ ಬಸ್ಸಿನ ಹಿಂದಿನ ಸೀಟಿನಲ್ಲಿ ನನ್ನ ಎಡಗಡೆ ಕೂತಿದ್ದ ಹುಡುಗಿ, "ಅಕ್ಕ, ಸ್ವಲ್ಪ ಆಚೆ ಕೂತ್ಕೊಳ್ಳಿ" ಎಂದಳು. ಸರಿದೆ. ಬಲಗಡೆಯವಳಿಗೂ ಅದೇ ಪ್ರಾಯ. ಅವಳು, "ಇಲ್ಲಿ ಜಾಗ ಎಲ್ಲಿ ಉಂಟು ಆಂಟಿ?" ಎಂದಳು.

ಇಬ್ಬರದ್ದೂ ತಪ್ಪಲ್ಲ. ದೇರೆಬೈಲಿನ ನನ್ನ ಪುಟ್ಟ ಪಾರ್ಲರಿಗೆ ಬೀಗ ಹಾಕಿ, ಒಂದು ದಿನದ ಸಂಪಾದನೆ ಬಿಟ್ಟು, ಟಿಕೆಟ್ ತೆಗೆದು ಬ್ಯೂಟಿ ಎಕ್ಸ್‌ಪೋಗೆ ಹೋಗಿದ್ದೆ. ಮುಂಬೈಯಿಂದ ಬಂದ ಮೇಕಪ್ ತಜ್ಞೆ ನನ್ನನ್ನೇ ಸ್ಟೇಜಿಗೆ ಕರೆದಳು. ವ್ಯತ್ಯಾಸ ಕಾಣಲೆಂದು ನನ್ನ ಎಡಗಡೆಗೆ ಮಾತ್ರ ಮೇಕಪ್ ಮಾಡಿ, ಚಪ್ಪಾಳೆ ಗಿಟ್ಟಿಸಿ ಊಟಕ್ಕೆ ಹೋದವಳು ತಿರುಗಿ ಬರಲೇ ಇಲ್ಲ. ಅಷ್ಟು ದುಡ್ಡು ಹಾಕಿದ ಮೇಲೆ ಸಿಕ್ಕಿದ ಅರ್ಧವನ್ನೂ ಒರೆಸಲು ಮನಸ್ಸು ಬರುತ್ತದೆಯೇ?

ಬಲಗಡೆಯವಳು ಬಗ್ಗಿ ನನ್ನ ಇನ್ನೊಂದು ಕೆನ್ನೆ ನೋಡಿ, "ಎಂತ ಮಾರಾಯ್ರೆ ಇದು!" ಎಂದಳು. ಕತೆ ಕೇಳಿ ನಕ್ಕು ನಕ್ಕು ಸುಸ್ತಾಗಿ, ಇಳಿಯುವಾಗ ನನ್ನ ನಂಬರ್ ತೆಗೆದುಕೊಂಡಳು. ಮುಂದಿನ ತಿಂಗಳು ಅವಳ ಮದುವೆಯಂತೆ.

ಎಕ್ಸ್‌ಪೋದ ಸ್ಯಾಂಪಲ್ ಕ್ರೀಮುಗಳು ವಾರದಲ್ಲಿ ಮುಗಿದವು. ಉಳಿದದ್ದು ಆ ಮದುಮಗಳು. ಮದುವೆಯ ಬೆಳಿಗ್ಗೆ ಅವಳ ಎಡಗೆನ್ನೆ ಮುಗಿಸಿ ಬ್ರಶ್ ಕೆಳಗಿಟ್ಟೆನಷ್ಟೆ, ಗಬಕ್ಕನೆ ನನ್ನ ಕೈ ಹಿಡಿದುಕೊಂಡಳು: "ಅಕ್ಕ, ಈಗ ಊಟಕ್ಕೆ ಹೋಗ್ಬೇಡಿ!"