ವಾಚನಾಲಯದ ಕಪ್ಪುಹಲಗೆ

ಜಯನಗರದಲ್ಲಿ ಆಗಿನ್ನೂ ಅರ್ಧಕ್ಕರ್ಧ ಸೈಟುಗಳು ಖಾಲಿ ಇದ್ದವು. ಕಚೇರಿ ಮುಗಿಸಿ ಬಂದು, ಸಂಜೆ ನಮ್ಮ ಬಡಾವಣೆಯ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದವನು ನಾನು. ಬಾಗಿಲ ಹೊರಗೆ ಒಂದು ಕಪ್ಪುಹಲಗೆ ಇತ್ತು. ಮೇಲರ್ಧದಲ್ಲಿ ಬಡಾವಣೆಯ ಸುದ್ದಿ ಬರೆಯುತ್ತಿದ್ದೆ: ನಲ್ಲಿಯಲ್ಲಿ ನೀರು ಯಾವಾಗ, ಸೀಮೆಎಣ್ಣೆ ಯಾವ ದಿನ. ಕೆಳಗೆ, ನಾನು ಓದಿ ಮೆಚ್ಚಿದ ಪುಸ್ತಕದ ಹೆಸರು, ಅದನ್ನೇಕೆ ಓದಬೇಕೆಂದು ಎರಡು ಸಾಲು.

ಜನ ಬರುತ್ತಿದ್ದರು, ನೀರಿನ ಸುದ್ದಿ ಓದಿ ಹೋಗುತ್ತಿದ್ದರು. ನನಗೆ ಮೈಯುರಿಯಿತು. ಪುಸ್ತಕವನ್ನು ಮೇಲೆ ಬರೆದು ನೀರನ್ನು ಕೆಳಗೆ ಹಾಕಿದೆ. ಸೊಂಟ ಬಗ್ಗಿಸಿ ಓದಿದರು. ಹಲಗೆಯನ್ನೇ ಒಳಗೆ, ಕಪಾಟುಗಳ ನಡುವೆ ತೂಗುಹಾಕಿದೆ. ಎಲ್ಲರೂ ಚಪ್ಪಲಿ ಬಿಡುವುದೇಕೆಂದು ಒಬ್ಬರನ್ನು ಮಾತ್ರ ಒಳಗೆ ಕಳಿಸತೊಡಗಿದರು. ಹೋದವರು ಅಲ್ಲಿಂದಲೇ ಕೂಗುತ್ತಿದ್ದರು: “ನಾಳೆ ಬೆಳಿಗ್ಗೆ ಐದಕ್ಕೇ ಬರತ್ತಂತೆ ಕಣ್ರೀ!” ಸೋತು ಹಲಗೆಯನ್ನು ಮತ್ತೆ ಹೊರಗಿಟ್ಟು, ನೀರನ್ನು ಮೊದಲಿನಂತೆ ಮೇಲಕ್ಕೇ ತಂದೆ.

ಕೊನೆಗೆ, ಓದುವವರಿಲ್ಲವೆಂದು ವಾಚನಾಲಯವನ್ನೇ ಮುಚ್ಚುವಂತೆ ಮೇಲಿನಿಂದ ಆದೇಶ ಬಂತು. ಆ ಸುದ್ದಿಯನ್ನೂ ನಾನೇ ಮೇಲರ್ಧದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ. ದಿನಾ ಬರುವ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ನಿಧಾನವಾಗಿ ಓದಿ, ನಿಜವಾಗಿಯೂ ನೊಂದು, ನನ್ನ ಕಡೆ ತಿರುಗಿದರು.

“ಛೆ, ಅನ್ಯಾಯ ಆಯ್ತಲ್ರೀ. ಹಲಗೆ ಇರತ್ತೆ ತಾನೇ?”

ಹಲಗೆ ಉಳಿಯಿತು. ಮೇಲರ್ಧವನ್ನು ಯಾರಾದರೊಬ್ಬರು ದಿನಾ ಒರೆಸಿ ಬರೆಯುತ್ತಿದ್ದರು. ಕೆಳಗೆ ನಾನು ಬರೆದ ಕೊನೆಯ ಪುಸ್ತಕದ ಹೆಸರು ಮಳೆಗಾಲದವರೆಗೂ ಹಾಗೇ ಇತ್ತು. ಅದನ್ನು ಅಳಿಸಬೇಕೆಂದೂ ಯಾರಿಗೂ ಅನ್ನಿಸಲಿಲ್ಲ.