ಪೆಂಗ್ ಅಕ್ಕ ಕಂಡ ಪುಟ

ಸಿನ್‌ಚುವಿನ ನಮ್ಮ ಕಂಪನಿಯಲ್ಲಿ ಪೆಂಗ್ ರುಯ್-ಲಾನ್ ಇಪ್ಪತ್ತೆರಡು ವರ್ಷ ಪರೀಕ್ಷಾ ಕೋಣೆ ನೋಡಿಕೊಂಡರು. ಕರ್ನಲ್ ಎಂದರೆ ಕಂಪ್ಯೂಟರ್ ಯಂತ್ರವನ್ನೆಲ್ಲ ಆಳುವ ಮೂಲ ತಂತ್ರಾಂಶ. ಅದಕ್ಕೆ ನಾವು ಬರೆಯುವ ತಿದ್ದುಪಡಿಗಳು ಎಲ್ಲಿ ಮುಗ್ಗರಿಸುತ್ತವೆ ಎಂದು ಕಾದು ನೋಡುವುದು ಅವರ ಕೆಲಸ. ಎಲ್ಲರಿಗೂ ಅವರು ಪೆಂಗ್ ಅಕ್ಕ. ಪ್ರತಿ ಯಂತ್ರದ ತಲೆಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣ ಇಡುವವರೂ ಅವರೇ. ಯಂತ್ರ ಹೇಳಿದ ಮಾತು ಕೇಳಲಿ ಅಂತ ನಮ್ಮ ಕಡೆ ಎಲ್ಲರೂ ಇಡುತ್ತಾರೆ. ಪೊಟ್ಟಣದ ತಾರೀಖು ಮುಗಿದಿರಬಾರದು, ಒಡೆದು ತಿನ್ನಲೂಬಾರದು.

ಓಡುತ್ತಿರುವ ಯಂತ್ರದ ಮೆಮೊರಿಯನ್ನು, ಓಟ ನಿಲ್ಲಿಸದೆ, ಪುಟಪುಟವಾಗಿ ಇನ್ನೊಂದು ಯಂತ್ರಕ್ಕೆ ಸಾಗಿಸುವುದು ನನ್ನ ಕೆಲಸವಾಗಿತ್ತು. ಸಾಗಿಸುವಾಗ ಯಾವುದಾದರೂ ಪುಟ ಬದಲಾದರೆ ಕರ್ನಲ್ ಅದಕ್ಕೊಂದು ಗುರುತು ಹಾಕುತ್ತದೆ; ಗುರುತು ಬಿದ್ದ ಪುಟವನ್ನು ಮತ್ತೆ ನಕಲು ಮಾಡಿ ಕಳಿಸುತ್ತೇವೆ. ಇದು ಬೇಗ ಆಗಲಿ ಎಂದು ನಾನೊಂದು ತಿದ್ದುಪಡಿ ಬರೆದೆ. ಕರ್ನಲ್ ನೋಡಿಕೊಳ್ಳುವ ಹೊರದೇಶದ ಹಿರಿಯರು ಮೆಚ್ಚಿದರು, ಜಗತ್ತೆಲ್ಲ ಬಳಸುವ ಕರ್ನಲ್‌ಗೆ ಅದು ನನ್ನ ಹೆಸರಿನ ಸಮೇತ ಸೇರಿತು. ನನಗೆ ಕೋಡು ಮೂಡಿತು.

ಎರಡನೇ ವಾರ ಪೆಂಗ್ ಅಕ್ಕ ನನ್ನ ಮೇಜಿಗೆ ಬಂದರು. ನಾನು ಯೆ ಮನೆತನದವನು, ಅವರ ಬಾಯಲ್ಲಿ ಶಾವ್-ಯೆ, ಅಂದರೆ ಚಿಕ್ಕ ಯೆ.

"ಶಾವ್-ಯೆ, ಸಾವಿರಾರು ಸಲ ಸಾಗಿಸಿದ್ರೆ ಒಂದ್ಸಲ ಒಂದು ಪುಟ ಹಳೇದೇ ಹೋಗ್ತಿದೆ ಕಣಪ್ಪ."

"ನಿಮ್ಮ ಹಸಿರು ಪೊಟ್ಟಣದ ತಾರೀಖು ನೋಡಿದ್ರಾ ಅಕ್ಕ?"

ಸುತ್ತ ಕೂತವರೆಲ್ಲ ನಕ್ಕರು. ಅಕ್ಕ ನಗಲಿಲ್ಲ.

"ಅದನ್ನ ನೋಡ್ಕೊಂಡೇ ಬಂದೆ. ನಿನ್ನ ತಿದ್ದುಪಡಿ ತೆಗೆದ್ರೆ ಹಾಗಾಗಲ್ಲ."

ಆಮೇಲೆ ಹದಿನೇಳು ಇಮೇಲ್ ಬರೆದರು. ಮೆಮೊರಿ ಚಿಪ್ ಹಳೆಯದು ಎಂದು ಉತ್ತರಿಸಿದೆ, ಕೊನೆಗೆ ಉತ್ತರಿಸುವುದನ್ನೇ ಬಿಟ್ಟೆ. ಅಕ್ಕ ಒಪ್ಪಿಗೆಯ ಮುದ್ರೆ ಒತ್ತಲಿಲ್ಲ, ಗಿರಾಕಿಗೆ ಯಂತ್ರ ಕೊಡುವುದು ತಡವಾಯಿತು. 'ಪರೀಕ್ಷಕಿಯ ಅಜಾಗರೂಕತೆ' ಎಂದು ಕಂಪನಿಯ ಮೇಲಿನವರು ಕಾಗದ ಬರೆದು ಅವರನ್ನು ಉಗ್ರಾಣಕ್ಕೆ ಎತ್ತಂಗಡಿ ಮಾಡಿದರು. ಒಂದು ವರ್ಷ ಅಲ್ಲಿ ತಂತಿ ಸುತ್ತಿಟ್ಟು ರಾಜೀನಾಮೆ ಕೊಟ್ಟರು. ಆ ಕಾಗದದಲ್ಲಿ ನನ್ನ ಸಹಿಯೂ ಇತ್ತು.

ಆರು ವರ್ಷ ಕಳೆದ ಮೇಲೆ ಬೇರೇನೋ ಹುಡುಕುತ್ತ ನನ್ನದೇ ಹಳೆಯ ಸಾಲುಗಳನ್ನು ತೆರೆದೆ. ಮೊದಲು ಗುರುತು ಒರೆಸಿ ಆಮೇಲೆ ನಕಲು ಮಾಡಬೇಕು. ನಾನು ಮೊದಲು ನಕಲು ಮಾಡಿ ಆಮೇಲೆ ಒರೆಸಿದ್ದೆ. ಎರಡರ ನಡುವಿನ ಚಿಟಿಕೆ ಹೊತ್ತಿನಲ್ಲಿ ಪುಟ ಬದಲಾದರೆ ಹೊಸ ಗುರುತು ಬೀಳುತ್ತದೆ, ನನ್ನ ಸಾಲು ಅದನ್ನೂ ಒರೆಸಿಹಾಕುತ್ತದೆ, ಹಳೆಯ ಪುಟವೇ ಆಚೆ ಉಳಿಯುತ್ತದೆ. ಅಕ್ಕ ಹೇಳಿದ್ದು ಇದನ್ನೇ.

ತಪ್ಪು ತಿದ್ದಿದವನು ಹೊಸ ತಿದ್ದುಪಡಿಯ ಜೊತೆಗಿನ ಟಿಪ್ಪಣಿಯ ಕೊನೆಗೆ ಅದು ಯಾರ ಯಾವ ತಿದ್ದುಪಡಿಯಿಂದ ಬಂತೆಂದು ಬರೆಯಬೇಕು, ಮೊದಲು ಕಂಡು ಹೇಳಿದವರ ಹೆಸರು, ಇಮೇಲ್ ವಿಳಾಸ ಹಾಕಬೇಕು. ಇದು ಕರ್ನಲ್ ಬರೆಯುವವರ ಕಟ್ಟಳೆ. ಅಕ್ಕನ ಹೆಸರು ಬಿಟ್ಟಿದ್ದರೆ ಕೇಳುವವರಿರಲಿಲ್ಲ. ಬಿಡೋಣವೇ ಎಂದು ಒಂದು ದಿನ ಪೂರ್ತಿ ಯೋಚಿಸಿದೆ. ಅಷ್ಟು ಹೇಡಿ ನಾನು.

ಮರುದಿನ ಅಕ್ಕನ ಊರು ಸಿನ್‌ಪುಗೆ ಹೋದೆ. ಚಾಂದ್ರಮಾನದ ಒಂಬತ್ತನೇ ತಿಂಗಳ ಒಣಗಾಳಿ ಎದ್ದಿತ್ತು. ಅಕ್ಕ ಅಂಗಳದಲ್ಲಿ ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆದು ಒಣಗಲು ತಟ್ಟೆಗಳಲ್ಲಿ ಜೋಡಿಸುತ್ತಿದ್ದರು.

"ಶಾವ್-ಯೆನಾ? ತಲೆ ಬೆಳ್ಳಗಾಯ್ತಲ್ಲೋ."

"ಅಕ್ಕ, ಆ ಪುಟ..."

"ನಕಲು ಮಾಡ್ಕೊಂಡು ಆಮೇಲೆ ಒರೆಸಿದ್ದೆ, ಅಲ್ವಾ?"

"ನಿಮಗೆ ಗೊತ್ತಿತ್ತಾ?"

"ಉಗ್ರಾಣದಲ್ಲಿ ಯೋಚನೆ ಮಾಡೋಕೆ ಬೇಕಾದಷ್ಟು ಹೊತ್ತಿತ್ತು. ಅಲ್ಲಿಂದ ಹೇಳಿದ್ರೆ ಕೇಳೋರ್ಯಾರು?"

"ತಪ್ಪಾಯ್ತು ಅಕ್ಕ. ಆ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ."

"ನೋಡಿದ್ದೆ," ಎಂದರು. ಚಾಕು ನಿಲ್ಲಲಿಲ್ಲ.

ಹೆಸರಿನ ಪಕ್ಕ ಹಾಕಲು ವಿಳಾಸ ಕೇಳಿದೆ.

"ಕಂಪನಿದೇ ಹಾಕು."

"ನಿಮ್ಮ ಆ ವಿಳಾಸಾನ ಮುಚ್ಚಿ ಐದು ವರ್ಷ ಆಯ್ತಕ್ಕ. ಯಾರಾದ್ರೂ ಬರೆದ್ರೆ ವಾಪಸ್ ಬರುತ್ತೆ."

"ಬರ್ಲಿ. ನಾನು ನಿಂಗೆ ಬರೆದಿದ್ದು ಅಲ್ಲಿಂದಾನೇ."

ಹಾಗೇ ಹಾಕಿದೆ. ತಪ್ಪಿನ ಸಾಲಿನಲ್ಲಿ ನನ್ನ ಹಳೆಯ ತಿದ್ದುಪಡಿ, ಕಂಡವರ ಸಾಲಿನಲ್ಲಿ ಅಕ್ಕ. ಸಹಿ ಹಿಂದಕ್ಕೆ ಪಡೆಯುತ್ತೇನೆಂದು ಕಂಪನಿಗೂ ಬರೆದೆ. ಅವರು ಇನ್ನೂ ಬಾಯಿ ಬಿಟ್ಟಿಲ್ಲ. ಕರ್ನಲ್‌ನ ಇತಿಹಾಸಕ್ಕೆ ಸೇರಿದ್ದನ್ನು ಮಾತ್ರ ಯಾರೂ ಒರೆಸುವುದಿಲ್ಲ.

ನಾಲ್ಕು ದಿನದಲ್ಲಿ ಜರ್ಮನಿಯಿಂದ ಒಬ್ಬರು ನಮ್ಮಿಬ್ಬರಿಗೂ ಬರೆದರು. ಅಕ್ಕನ ಪ್ರತಿ ವಾಪಸ್ಸಾಯಿತು. ನನಗೆ ಬಂದದ್ದನ್ನು ಪ್ರಿಂಟ್ ಮಾಡಿಕೊಂಡು ಮತ್ತೆ ಸಿನ್‌ಪುಗೆ ಹೋದೆ.

"ಕೈಯೆಲ್ಲ ಅಂಟು. ನೀನೇ ಓದು."

"ಎರಡು ವರ್ಷದಿಂದ ನಾವು ಇದೇ ತಪ್ಪನ್ನ ಹುಡುಕ್ತಿದ್ವಿ. ಮೊದಲು ಕಂಡುಹಿಡಿದ ಪೆಂಗ್ ರುಯ್-ಲಾನ್ ಅವರಿಗೆ ಧನ್ಯವಾದ, ಅಂತಿದೆ ಅಕ್ಕ."

ಚಾಕು ನಿಂತಿತು. ಅಂಟಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡರು.

"ಇನ್ನೊಂದ್ಸಲ ಓದು."

ಓದಿದೆ. ಹೆಸರು ಬರುವ ಕಡೆ ನಿಂತು ಅಕ್ಕನ ಕಡೆ ನೋಡಿದೆ. ಅಕ್ಕ ತಮ್ಮ ಹೆಸರಿಗಾಗಿ ಕಾದರು.