ಗೋಡೆಯಲ್ಲೊಂದು ಖಾಲಿ ಮೊಳೆ

ಇಂದು ಅಂಗಳ ಸಾರಿಸಿದೆ, ಎರಡು ಕೊಡ ನೀರು ತಂದೆ, ಜೋಳ ಬೀಸಿದೆ, ನಮ್ಮ ಮನೆಯವರ ಬಣ್ಣಕ್ಕೆಂದು ಜಾಲಿಯ ಅಂಟು ಸೋಸಿದೆ. ಸೋಸುವ ಬಟ್ಟೆಯ ಎಳೆಯೊಂದು ಬೆರಳಿಗೆ ಅಂಟಿಕೊಂಡಿತು. ಅದನ್ನು ಕಂಡದ್ದೇ ಬೈಲಹೊಂಗಲದ ಸಾಹುಕಾರರ ಮೀಸೆ ನೆನಪಾಯಿತು. ಆ ದಪ್ಪ ಮೀಸೆಯಲ್ಲಿ ಯಾವಾಗಲೂ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು; ಅವರು ಮಾತಾಡಿದರೆ ಅದೂ ಅಲುಗುತ್ತಿತ್ತು. ಅವರು ತೀರಿಕೊಂಡು ಒಂದು ತಿಂಗಳಾಯಿತು.

ಅವರದು ಹತ್ತಿಯ ಅಂಗಡಿ. ಹತ್ತಿ ಗಂಟುಗಳ ಹಿಂದಿನ ಗೋಡೆಯ ತುಂಬ ಚಿತ್ರಗಳು. ಹೆಸರಾದವರದು ಒಂದೂ ಇಲ್ಲ, ಎಲ್ಲ ಹೊಸ ಕೈಗಳವು. ಕಟಕೋಳದ ಬಡಿಗನೊಬ್ಬ ಬರೆದ ಮಲಗಿದ ಎತ್ತು, ಸವದತ್ತಿಯ ಬಳೆಗಾರ ಸಾಹೇಬರ ತಮ್ಮ ಬರೆದ ಹೆಣ್ಣುಮಗಳ ಮುಂಗೈ. ಬೆಳಿಗ್ಗೆ ಧೋತರದ ಚುಂಗಿನಿಂದ ಒಂದೊಂದನ್ನೂ ಒರೆಸಿ, ಯಾವುದಾದರೊಂದರ ಮುಂದೆ ಅಡಿಕೆ ಜಗಿಯುತ್ತ ಕೂತುಬಿಡುವರು. “ಬರದಾವ ಬದುಕಿದ್ದಾಗ ತಗೋಬೇಕು. ಹೋಗಿ ‘ಮುಂದಿಂದು ಯಾವದಪಾ’ ಅಂತ ಕೇಳಾಕ ಬರತೈತಿ” ಎನ್ನುವರು. ಗೋಡೆಯ ಕೊನೆಗೆ ಒಂದು ಮೊಳೆ ಮಾತ್ರ ಖಾಲಿ. ಅದಕ್ಕೆ ಚಿತ್ರ ಬಂತೆಂದರೆ ಮುಂದಿನದಕ್ಕೆಂದು ಪಕ್ಕಕ್ಕೆ ಇನ್ನೊಂದು ಮೊಳೆ ಹೊಡೆಸುವರು.

ನಾವು ಮುರಗೋಡದ ಚಿತ್ರಗಾರರು. ತೊಟ್ಟಿಲು, ಚಕ್ಕಡಿ, ದೇವರ ಹಲಗೆ, ಇವಕ್ಕೆ ಬಣ್ಣ ಹಾಕುವ ಮನೆತನ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಮುಂಬಯಿಯಿಂದ ಅಚ್ಚಿನ ದೇವರ ಪಟಗಳು ಬಂದು ಕೆಲಸ ಕಡಿಮೆಯಾಗಿತ್ತು. ಅಂಥದರಲ್ಲಿ ನಮ್ಮ ಮನೆಯವರು ಹಲಗೆಯ ಮೇಲೆ ನಾನು ಜೋಳ ಬೀಸುವುದನ್ನು ಬರೆದರು. ಮಾವನವರಿಗೆ ಸಿಟ್ಟು ಬಂತು.

“ನಿನ್ನ ಹೇಣ್ತಿ ಬೀಸೂದನ್ನ ಯಾರ ಗ್ವಾಡಿಗಿ ಹಾಕ್ಕೋತಾರಲೇ? ಈ ಹಲಗಿ ತಿರಗಿ ಬಂತಂದ್ರ ಸೋಮಾರದಿಂದ ಹತ್ತಿ ಗಿರಣಿಗಿ ನಡಿ. ಕುಂಚ ಒಲಿಗೆ ಹಾಕತೇನಿ.”

ಸಾಹುಕಾರರ ಹೆಸರು ಕೇಳಿದ್ದೆವು. ಇವರು ಹಲಗೆ ಹೊತ್ತರು, ಸಂತೆಯ ನೆಪದಿಂದ ನಾನೂ ಚಕ್ಕಡಿ ಹತ್ತಿದೆ. ಅಂಗಡಿಯಲ್ಲಿ ಹಲಗೆಗೆ ಸುತ್ತಿದ ಬಟ್ಟೆ ಬಿಚ್ಚಿದ್ದೇ ಗುಮಾಸ್ತ ನಕ್ಕುಬಿಟ್ಟ.

“ಸಾವಕಾರ್ರ, ಕುರುಡೀನ್ನ ಹೊತಗೊಂಡು ಬಂದಾನ್ರಿ ಇಂವಾ!”

ಚಿತ್ರಕ್ಕೆ ಕಣ್ಣೇ ಇರಲಿಲ್ಲ. ದೇವರ ಹಲಗೆಗೆ ಕೊಂಡವರ ಮನೆಯಲ್ಲಿಯೇ ಕಣ್ಣು ಬರೆಯುವುದು ನಮ್ಮಲ್ಲಿ ಪದ್ಧತಿ. ಬರೆದದ್ದು ಹೆಂಡತಿಯನ್ನಾದರೂ ಇವರ ಕೈ ಆ ಪದ್ಧತಿ ಬಿಟ್ಟಿರಲಿಲ್ಲ. ನಾನು ಬಾಗಿಲಲ್ಲಿಯೇ ನಿಂತಿದ್ದೆ. ಗಿರಣಿಯೇ ಗತಿ ಅಂದುಕೊಂಡೆ.

ಸಾಹುಕಾರರು ನಗಲಿಲ್ಲ. “ಕಣ್ಣ ಎತ್ತಾಗ ಇಡಾಂವ ತಮ್ಮಾ?”

“ನೀವು ಹೇಳಿದತ್ತ ಇಡತೇನ್ರಿ.”

“ನಾ ಯಾವಾಗರ ಬೀಸೇನೇನು? ಬೀಸೂವಾಕೀನ್ನ ಕೇಳು.” ಆಮೇಲೆ ನನ್ನ ಕಡೆ ತಿರುಗಿದರು. “ಹಿಟ್ಟ ನೋಡತಿಯೇನು ತಂಗೀ?”

ಸೆರಗು ಎಳೆದುಕೊಂಡು ಹೇಗೋ ಹೇಳಿದೆ: “ಹಿಟ್ಟ ಯಾರು ನೋಡತಾರ್ರಿ, ಅದು ಕೈಗೆ ತಿಳೀತೈತಿ. ಬಾಗಲಾ ನೋಡತಿರತೇನ್ರಿ, ಬೆಳಕ ಆತೇನಂತ.”

“ಕೇಳಿದ್ಯೇನಪಾ? ಬರಿ!”

ಇವರು ಅಲ್ಲಿಯೇ ಕೂತು ಕಣ್ಣು ಬರೆದರು. ಹಲಗೆಯೊಳಗಿನ ನಾನು ತಲೆ ಎತ್ತಿ ಬಾಗಿಲ ಕಡೆ ನೋಡಿದೆ. ಸಾಹುಕಾರರು ತಾವೇ ಎದ್ದು ಅದನ್ನು ಖಾಲಿ ಮೊಳೆಗೆ ಹಾಕಿದರು. ಆಮೇಲೆ ಗುಮಾಸ್ತನಿಗೆ, “ಇನ್ನೊಂದು ಮೊಳಿ ತಾರೋ” ಎಂದರು. ಹಲಗೆಯಿಲ್ಲದೆ ಬಂದ ಮಗನನ್ನು ಕಂಡು ಮಾವ ಕುಂಚ ಇಡುವ ಡಬ್ಬಿಯನ್ನು ತಾವೇ ಒರೆಸಿಟ್ಟರು. ಆ ಹಲಗೆ ತಿರುಗಿ ಬಂದಿದ್ದರೆ ಇವರ ಕೈಯಲ್ಲಿ ಇಂದು ಕುಂಚ ಇರುತ್ತಿರಲಿಲ್ಲ.

ಮೊನ್ನೆ ಸಾಹುಕಾರರ ಮಗ ಬಂದು ಕೇಳಿ ಹೋದ: “ಅಪ್ಪಾರ ಮೊಳಿ ಖಾಲಿ ಐತ್ರಿ. ಮುಂದಿಂದು ಯಾವದ್ರಿ?”

ಇವರು ಸಾಹುಕಾರರನ್ನೇ ಬರೆದಿದ್ದಾರೆ. ಮೀಸೆಯ ಹತ್ತಿ ಎಳೆಯನ್ನೂ ಬಿಟ್ಟಿಲ್ಲ. ಕಣ್ಣು ಮಾತ್ರ ಉಳಿದಿದೆ. ನಾಳೆ ಬೈಲಹೊಂಗಲಕ್ಕೆ ಹೋಗಿ ಬರೆಯಬೇಕು.

“ಎತ್ತಾಗ ಇಡಲಿ?” ಎಂದು ಸಂಜೆ ನನ್ನನ್ನೇ ಕೇಳಿದರು.

“ಪಕ್ಕಕ್ಕ ಇನ್ನೊಂದು ಮೊಳಿ ಹೊಡಿತಾರಲ್ರಿ, ಅದರ ಕಡೆ ನೋಡಲಿ” ಎಂದೆ.

ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಉಂಡೆವು. ಬಣ್ಣದ ಕೈ ಪೂರ್ತಿ ತೊಳೆಯದೆಯೇ ಇವರು ಮೊದಲು ಮಲಗಿದರು.